ಕೊಂಡ ಫೋನು ಯಾರದು?

ಸಂತೆಯಲ್ಲಿ ಹಣ ಎಣಿಸಿಕೊಟ್ಟು ಒಂದು ಜೊತೆ ಎತ್ತು ಕೊಂಡು ತಂದ ರೈತನಿಗೆ, "ಈ ಎತ್ತುಗಳು ನಾವು ಹೇಳಿದ ಹೊಲದಲ್ಲಿ ಮಾತ್ರ ನೇಗಿಲು ಎಳೆಯುತ್ತವೆ, ಬೇರೆ ಹೊಲದಲ್ಲಿ ಹೆಜ್ಜೆ ಇಡುವುದಿಲ್ಲ" ಎಂದು ಮಾರಿದವನು ಹೇಳಿದರೆ ಅವನು ಏನು ಮಾಡಿಯಾನು? ಎತ್ತುಗಳನ್ನು ಹಿಂದಕ್ಕೆ ಹೊಡೆದುಕೊಂಡು ಹೋಗಿ ಹಣ ಕೇಳಿಯಾನು. ಇಲ್ಲವೆ ನಾಲ್ಕು ಜನ ಹಿರಿಯರನ್ನು ಕೂಡಿಸಿ ನ್ಯಾಯ ಕೇಳಿಯಾನು. ಆದರೆ ಇದೇ ಮಾತನ್ನು ಒಂದು ಸ್ಮಾರ್ಟ್‌ಫೋನಿನ ವಿಷಯದಲ್ಲಿ ಹೇಳಿದರೆ ನಾವು ವಿದ್ಯಾವಂತರೆನಿಸಿಕೊಂಡವರು ತಲೆಯಾಡಿಸಿ ಸುಮ್ಮನಾಗುತ್ತೇವೆ. ಕೊಂಡ ವಸ್ತು ಕೊಂಡವನದೇ ಆಗಬೇಕೆಂಬ ಹಳೆಯ ನ್ಯಾಯ ಈ ಹೊಸ ವಸ್ತುವಿಗೆ ಏಕೆ ಅನ್ವಯಿಸಬಾರದು? ಈ ಪ್ರಶ್ನೆಯನ್ನು ನನ್ನ ಸಹಪಾಠಿಗಳ ಮುಂದೆಯೂ ಗುರುವರ್ಯರ ಮುಂದೆಯೂ ಇಡುವುದೇ ಈ ಲೇಖನದ ಉದ್ದೇಶ.

ಮೊದಲು ಬೀಗವೆಂದರೆ ಯಾವ ಬೀಗ ಎಂಬುದನ್ನು ಸ್ಪಷ್ಟಪಡಿಸಬೇಕು. ಬೆರಳಚ್ಚು ಒತ್ತಿ, ಅಂಕಿ ಬರೆದು ತೆಗೆಯುವ ಬೀಗ ಇದಲ್ಲ. ಅದು ನಮ್ಮ ಮನೆಯ ಬಾಗಿಲಿಗೆ ನಾವೇ ಹಾಕಿಕೊಂಡ ಬೀಗ. ಅದರ ಕೀಲಿಕೈ ನಮ್ಮಲ್ಲಿಯೇ ಇರುತ್ತದೆ. ನಾನು ಹೇಳುತ್ತಿರುವುದು ಜಾಲದ ಬೀಗ. ಫೋನಿನೊಳಗಣ ತಂತ್ರಾಂಶದಲ್ಲಿ, ಇಂಥ ಒಂದು ಕಂಪೆನಿಯ ಸಿಮ್ ಕಾರ್ಡನ್ನು ಮಾತ್ರ ಸ್ವೀಕರಿಸು, ಉಳಿದವನ್ನು ತಳ್ಳಿಬಿಡು ಎಂಬ ಆಜ್ಞೆಯನ್ನು ಮೊದಲೇ ಬರೆದಿಟ್ಟಿರುತ್ತಾರೆ. ಈ ಬೀಗದ ಕೀಲಿಕೈ ಕೊಂಡವನಲ್ಲಿ ಇರುವುದಿಲ್ಲ, ಕಂಪೆನಿಯಲ್ಲಿ ಇರುತ್ತದೆ. ನಮ್ಮ ದುರ್ಗದ ಏಳು ಸುತ್ತಿನ ಕೋಟೆಯನ್ನು ಕಟ್ಟಿದವರು ಬಾಗಿಲುಗಳಿಗೆ ಅಗುಳಿ ಹಾಕಿಸಿದ್ದು ಹೊರಗಣ ಶತ್ರುವಿಗಾಗಿ. ಒಳಗಣ ಒಡೆಯನಿಗಾಗಿ ಅಲ್ಲ. ಜಾಲದ ಬೀಗವಾದರೋ ಒಡೆಯನಿಗಾಗಿಯೇ ಹಾಕಿದ್ದು.

ಇದು ನಗರವಾಸಿಗಳ ಚಿಂತೆ, ನಮಗೇನು ಎಂದು ಕೆಲವರು ಕೇಳಬಹುದು. ನಗರವಾಸಿಗಳಿಗಿಂತ ನಮಗೇ ಇದು ಹೆಚ್ಚಿನ ಚಿಂತೆಯೆಂಬುದು ನನ್ನ ನಂಬಿಕೆ. ನಮ್ಮ ಕಾಲೇಜಿಗೆ ಹಿರಿಯೂರಿನ ಕಡೆಯಿಂದ ಹೆದ್ದಾರಿ ಹಿಡಿದು ಬರುವವರುಂಟು. ಹೊಳಲ್ಕೆರೆಯ ಅಡಿಕೆ ತೋಟಗಳ ನಡುವಣ ಹಳ್ಳಿಗಳಿಂದ ಬರುವವರುಂಟು. ಹೊಸದುರ್ಗದ ತೆಂಗಿನ ಸೀಮೆಯಿಂದ ಬಂದು ಇಲ್ಲಿಯ ವಿದ್ಯಾರ್ಥಿನಿಲಯಗಳಲ್ಲಿ ಉಳಿದವರುಂಟು. ಊರಿನಲ್ಲಿ ಒಂದು ಕಂಪೆನಿಯ ಸಂಕೇತ ದೊರೆತರೆ ಹಾದಿಯಲ್ಲಿ ಅದು ಮಾಯವಾಗುತ್ತದೆ; ಕಾಲೇಜಿನ ಗೋಡೆಗಳೊಳಗೆ ಇನ್ನೊಂದು ಕಂಪೆನಿಯದೇ ಮೇಲುಗೈ. ಗುಡ್ಡದ ಈಚೆಗೊಂದು, ಆಚೆಗೊಂದು! ಬೆಂಗಳೂರಿನಲ್ಲಿ ಎರಡು ಸಿಮ್ ಇಟ್ಟುಕೊಳ್ಳುವುದು ಶೋಕಿಯಾಗಿರಬಹುದು; ನಮ್ಮಲ್ಲಿ ಅದು ಎರಡು ಬಾವಿಗಳ ನೀರು ನೆಚ್ಚಿ ಬದುಕುವಂಥ ಎಚ್ಚರಿಕೆ. ವಿದ್ಯಾರ್ಥಿವೇತನದ ಅರ್ಜಿಯನ್ನು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ ತುಂಬುವಾಗ, ಬ್ಯಾಂಕಿನಿಂದ ಹಣ ಪಡೆಯುವಾಗ, ಆಧಾರ್ ಚೀಟಿಯ ಕೆಲಸಕ್ಕೆ ಹೋದಾಗ, ಎಲ್ಲ ಕಡೆಯೂ ಕೆಲವೇ ನಿಮಿಷ ಬಾಳುವ ಒಂದು ಗುಪ್ತ ಸಂಖ್ಯೆ ನಮ್ಮ ಫೋನಿಗೆ ಬಂದೇ ತೀರಬೇಕು. ಅದು ಬಾರದಿದ್ದರೆ ಅರ್ಜಿಯಿಲ್ಲ, ಅರ್ಜಿಯಿಲ್ಲದಿದ್ದರೆ ಶುಲ್ಕವಿಲ್ಲ. ಹೀಗಿರುವಲ್ಲಿ, ಇದ್ದ ಒಂದೇ ಫೋನು ಇರುವ ಒಂದೇ ಕಂಪೆನಿಗೆ ಗಂಟು ಬಿದ್ದರೆ ಬಡ ವಿದ್ಯಾರ್ಥಿಯ ಪಾಡೇನು?

ಯಂತ್ರ ಯಾರದೆಂಬ ಈ ವಿವಾದ ಹೊಸದೇನಲ್ಲ. ನಮ್ಮ ದೇಶದಲ್ಲಿ ಬಹುಕಾಲ ದೂರವಾಣಿಯ ಯಂತ್ರ ಅಂಚೆ ಮತ್ತು ತಂತಿ ಇಲಾಖೆಯ ಸ್ವತ್ತಾಗಿತ್ತು. 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯಲ್ಲಿ ತಯಾರಾದ ಕಪ್ಪು ಯಂತ್ರಗಳು ದೇಶದ ಮೂಲೆಮೂಲೆಗೆ ಹೋದವು. ಆ ಕಾರ್ಖಾನೆಯಿಂದಲೇ ಅಲ್ಲಿಯ ಬಡಾವಣೆಗೆ ದೂರವಾಣಿ ನಗರವೆಂಬ ಹೆಸರು ನಿಂತಿತು. ಆದರೆ ಆಗ ಯಂತ್ರ ಇಲಾಖೆಯದೆಂದು ಎಲ್ಲರಿಗೂ ಗೊತ್ತಿತ್ತು. ನಾವು ಬಾಡಿಗೆ ಕೊಡುತ್ತಿದ್ದೆವು, ಕೆಟ್ಟರೆ ಅವರೇ ಬಂದು ಸರಿಮಾಡುತ್ತಿದ್ದರು. ಅದರಲ್ಲಿ ಮೋಸವಿರಲಿಲ್ಲ. 1995ರ ಜುಲೈ 31ರಂದು ಕಲ್ಕತ್ತೆಯಿಂದ ಜ್ಯೋತಿ ಬಸು ಅವರು ದೆಹಲಿಯ ಸುಖ್ ರಾಮ್ ಅವರಿಗೆ ಮೊದಲ ಮೊಬೈಲ್ ಕರೆ ಮಾಡಿದ ಬಳಿಕ ಯಂತ್ರ ಕೊಂಡವನದಾಯಿತು, ಜಾಲ ಕಂಪೆನಿಯದಾಯಿತು. ತಕರಾರು ಹುಟ್ಟಿದ್ದು ಇಲ್ಲಿಂದಲೇ: ಯಂತ್ರವನ್ನು ಮಾರಿಯೂ ಬಿಡಬೇಕು, ಹಿಡಿದೂ ಇರಬೇಕು ಎಂಬ ಆಸೆ ಕಂಪೆನಿಗಳಿಗೆ ಹುಟ್ಟಿತು.

ಈ ಆಸೆಯ ದೊಡ್ಡ ದೃಷ್ಟಾಂತವನ್ನು ನಮ್ಮ ಹಿರಿಯರು ಕಣ್ಣಾರೆ ಕಂಡಿದ್ದಾರೆ. 2003ರ ಜುಲೈಯಲ್ಲಿ ರಿಲಯನ್ಸ್ ಇನ್ಫೋಕಾಮ್ ಕಂಪೆನಿ ಕೇವಲ 501 ರೂಪಾಯಿ ಮುಂಗಡಕ್ಕೆ ಫೋನನ್ನೂ ಸಂಪರ್ಕವನ್ನೂ ಕೊಡುವ ಯೋಜನೆ ತಂದಿತು. ಅದಕ್ಕೆ ಮುಂಚೆ ಮೊಬೈಲನ್ನು ದೂರದಿಂದ ಮಾತ್ರ ನೋಡಿದ್ದ ಸಾಮಾನ್ಯ ಕುಟುಂಬಗಳ ಕೈಗೂ ಅದು ಬಂತು. ಇದನ್ನು ಉಪಕಾರವೆಂದೇ ಹೇಳಬೇಕು. ಆದರೆ ಅದು ಸಿ.ಡಿ.ಎಂ.ಎ. ಎಂಬ ಪದ್ಧತಿಯ ಫೋನು. ಮೊದಮೊದಲು ಬಂದವುಗಳಲ್ಲಿ ತೆಗೆದು ಹಾಕುವ ಸಿಮ್ಮೇ ಇರಲಿಲ್ಲ. ಸಂಖ್ಯೆಯನ್ನು ಯಂತ್ರದೊಳಗೇ ಬರೆದಿಟ್ಟಿರುತ್ತಿದ್ದರು. ಕಂಪೆನಿಯನ್ನು ಬಿಟ್ಟರೆ ಯಂತ್ರವನ್ನೂ ಬಿಡಬೇಕು, ಸಂಖ್ಯೆಯನ್ನೂ ಬಿಡಬೇಕು. ಮುಂದೆ ಆ ಸಿ.ಡಿ.ಎಂ.ಎ. ಸೇವೆಯೇ ನಿಂತಿತು; 2017ರ ಡಿಸೆಂಬರಿನಲ್ಲಿ ರಿಲಯನ್ಸ್ ಕಮ್ಯುನಿಕೇಷನ್ಸಿನ ಮೊಬೈಲ್ ಕರೆಗಳೂ ನಿಂತುಹೋದವು. ಯಂತ್ರ ಕೆಟ್ಟಿರಲಿಲ್ಲ, ಆದರೂ ಅದು ಆಟದ ಸಾಮಾನಾಯಿತು. ಒಂದೇ ಕಂಪೆನಿಗೆ ಕಟ್ಟಿದ ಯಂತ್ರದ ಆಯುಷ್ಯ ಆ ಕಂಪೆನಿಯ ಆಯುಷ್ಯದಷ್ಟೇ ಎಂಬುದು ಇದರಿಂದ ಸಿದ್ಧವಾಯಿತು.

ಇನ್ನೊಂದು ಉದಾಹರಣೆ ಶ್ರೀಮಂತರದು. 2008ರ ಆಗಸ್ಟ್ 22ರಂದು ಐಫೋನ್ 3ಜಿ ನಮ್ಮ ದೇಶಕ್ಕೆ ಬಂತು. ಮಾರಿದವರು ಏರ್‌ಟೆಲ್ ಮತ್ತು ವೊಡಾಫೋನ್. ಅಮೆರಿಕದಲ್ಲಿ ಅದೇ ಫೋನನ್ನು ಎರಡು ವರ್ಷದ ಕರಾರಿನೊಡನೆ 199 ಡಾಲರಿಗೆ ಕೊಡುತ್ತಿದ್ದರೆ ಇಲ್ಲಿ ಅದಕ್ಕೆ 31,000 ರೂಪಾಯಿ. ಪೂರ್ತಿ ಬೆಲೆ ತೆತ್ತ ಮೇಲೂ ಕೊಂಡ ಕಂಪೆನಿಯ ಬೀಗ ಅದರ ಮೇಲಿತ್ತು. ರಿಯಾಯಿತಿ ಕೊಟ್ಟವನು ಬೀಗ ಹಾಕಿದರೆ ಅದಕ್ಕೊಂದು ತರ್ಕವುಂಟು. ರಿಯಾಯಿತಿಯೇ ಇಲ್ಲದ ಬೀಗಕ್ಕೆ ಯಾವ ತರ್ಕ?

ತರ್ಕವುಳ್ಳ ಬೀಗವನ್ನೂ ವಿಚಾರಿಸೋಣ. 2017ರ ಜುಲೈಯಲ್ಲಿ ಪ್ರಕಟವಾದ ಜಿಯೊಫೋನನ್ನು ಮರಳಿ ಕೊಡುವ 1,500 ರೂಪಾಯಿ ಠೇವಣಿಯ ಮೇಲೆ ಕೊಟ್ಟರು. ಅದರಲ್ಲಿ ಜಿಯೊ ಸಿಮ್ ಒಂದೇ ನಡೆಯುತ್ತಿತ್ತು. ಅಂತರ್ಜಾಲವನ್ನು ಅದರಲ್ಲಿಯೇ ಮೊದಲು ಕಂಡ ಮನೆಗಳು ನಮ್ಮ ಸೀಮೆಯಲ್ಲಿಯೂ ಇವೆ. ಕಂಪೆನಿ ತನ್ನ ಕೈಯಿಂದ ಹಣ ಹಾಕಿ ಯಂತ್ರ ಕೊಟ್ಟಿದೆ, ಆ ಹಣ ಹಿಂದಕ್ಕೆ ಬರುವ ತನಕ ಗಿರಾಕಿ ತನ್ನಲ್ಲಿಯೇ ಇರಬೇಕೆಂದು ಕೇಳುವುದು ಅನ್ಯಾಯವಲ್ಲವೆಂದು ನನ್ನ ಅರ್ಥಶಾಸ್ತ್ರದ ಸಹಪಾಠಿಗಳು ವಾದಿಸುತ್ತಾರೆ. ಈ ವಾದದಲ್ಲಿ ಹುರುಳಿದೆ. ನಾನು ಅದನ್ನು ತಳ್ಳಿಹಾಕಲಾರೆ. ಆದರೆ ಸಾಲಕ್ಕೊಂದು ಲೆಕ್ಕವುಂಟು, ಲೆಕ್ಕಕ್ಕೊಂದು ಕೊನೆಯುಂಟು. ಹಣ ತೀರಿದ ದಿನ ಪತ್ರವನ್ನು ಹರಿದು ಕೊಡುವುದು ಧರ್ಮ. ಬೀಗ ಇದೆ ಎಂದು ಮಾರುವ ಮುಂಚೆಯೇ ಬಾಯಿಬಿಟ್ಟು ಹೇಳಬೇಕು. ಎಂದು ತೆಗೆಯುವರೆಂದು ಬರೆದು ಕೊಡಬೇಕು. ಆ ದಿನ ಬಂದಾಗ ಕೇಳದೆಯೇ, ಕಾಸಿಲ್ಲದೆಯೇ ತೆಗೆಯಬೇಕು. ಈ ಮೂರು ನಡೆದರೆ ಬೀಗ ಕರಾರಾಗುತ್ತದೆ, ನಡೆಯದಿದ್ದರೆ ಸಂಕೋಲೆಯಾಗುತ್ತದೆ.

ಹೊರದೇಶಗಳು ಈ ಹಾದಿಯಲ್ಲಿ ನಮಗಿಂತ ಮುಂದೆ ಎಡವಿ, ಮುಂದೆ ಎದ್ದಿವೆ. ಅಮೆರಿಕದಲ್ಲಿ 1968ರಲ್ಲಿ ಕಾರ್ಟರ್‌ಫೋನ್ ಪ್ರಕರಣದ ತೀರ್ಪು ಬಂತು: ಜಾಲಕ್ಕೆ ಹಾನಿಯಾಗದಿದ್ದರೆ ಗಿರಾಕಿ ತನ್ನ ಸ್ವಂತ ಯಂತ್ರವನ್ನು ಅದಕ್ಕೆ ಜೋಡಿಸಬಹುದೆಂದು ಅಲ್ಲಿಯ ಸಂಪರ್ಕ ಆಯೋಗ ಹೇಳಿತು. ಆದರೂ 2007ರಲ್ಲಿ ಮೊದಲ ಐಫೋನ್ ಒಂದೇ ಕಂಪೆನಿಯ ಬೀಗದೊಡನೆ ಹೊರಬಂತು. ಎರಡು ತಿಂಗಳೊಳಗೆ ಜಾರ್ಜ್ ಹಾಟ್ಜ್ ಎಂಬ ಹದಿನೇಳು ವರ್ಷದ ಹುಡುಗ ಆ ಬೀಗವನ್ನು ತೆರೆದು ತೋರಿಸಿದ. ನಮ್ಮ ಪ್ರಥಮ ವರ್ಷದ ತರಗತಿಯಲ್ಲಿ ಕುಳಿತುಕೊಳ್ಳುವ ವಯಸ್ಸು! 2013ರ ಜನವರಿಯಲ್ಲಿ ಅಲ್ಲಿ ಹೊಸ ಫೋನಿನ ಬೀಗವನ್ನು ಕಂಪೆನಿಯ ಅಪ್ಪಣೆಯಿಲ್ಲದೆ ತೆಗೆಯುವುದೇ ಕಾನೂನುಬಾಹಿರವಾಯಿತು. ಒಂದು ಲಕ್ಷಕ್ಕೂ ಮಿಕ್ಕಿ ಜನ ಸರ್ಕಾರಕ್ಕೆ ಮನವಿ ಸಲ್ಲಿಸಿದರು. 2014ರ ಆಗಸ್ಟ್ 1ರಂದು ಅಧ್ಯಕ್ಷ ಒಬಾಮಾ ಅವರು ಬೀಗ ತೆಗೆಯುವ ಹಕ್ಕನ್ನು ಮರಳಿ ಕೊಡುವ ಕಾಯಿದೆಗೆ ಸಹಿ ಹಾಕಿದರು. ಕೆನಡಾ ದೇಶದಲ್ಲಿ 2017ರ ಡಿಸೆಂಬರಿನಿಂದ, ಬ್ರಿಟನ್ನಿನಲ್ಲಿ 2021ರ ಡಿಸೆಂಬರಿನಿಂದ ಜಾಲದ ಬೀಗ ಹಾಕಿದ ಫೋನುಗಳನ್ನು ಕಂಪೆನಿಗಳು ಮಾರುವಂತೆಯೇ ಇಲ್ಲ. ಜನ ಕೇಳಿದ್ದರಿಂದ ಕಾಯಿದೆ ಬಂತೆಂಬುದನ್ನು ಗಮನಿಸಬೇಕು.

ನಮ್ಮ ದೇಶ ಬೇರೊಂದು ಬಾಗಿಲಿನಿಂದ ಇದೇ ಸ್ವಾತಂತ್ರ್ಯಕ್ಕೆ ಬಂದಿತು. ಸಂಖ್ಯೆಯನ್ನು ಬದಲಿಸದೆ ಕಂಪೆನಿಯನ್ನು ಬದಲಿಸುವ ಸೌಲಭ್ಯ 2010ರ ನವೆಂಬರಿನಲ್ಲಿ ಹರಿಯಾಣದಲ್ಲಿ ಮೊದಲಾಗಿ, 2011ರ ಜನವರಿ 20ರಂದು ದೇಶಕ್ಕೆಲ್ಲ ಬಂತು. 2015ರ ಜುಲೈ 3ರಿಂದ ಒಂದು ರಾಜ್ಯದ ವಲಯದಿಂದ ಇನ್ನೊಂದಕ್ಕೂ ಸಂಖ್ಯೆಯನ್ನು ಒಯ್ಯಬಹುದಾಯಿತು. 1900 ಸಂಖ್ಯೆಗೆ ಒಂದು ಸಂದೇಶ ಕಳುಹಿಸಿದರೆ ಕೆಲಸ ಆರಂಭ. ಒಂದು ಕಂಪೆನಿಯಲ್ಲಿ ತೊಂಬತ್ತು ದಿನ ಇದ್ದವರು ಇನ್ನೊಂದಕ್ಕೆ ಹೋಗಬಹುದು. 2024ರ ಜುಲೈಯಲ್ಲಿ ಖಾಸಗಿ ಕಂಪೆನಿಗಳು ದರವನ್ನು ಏರಿಸಿದಾಗ ಎಷ್ಟೋ ಜನ ಬಿ.ಎಸ್.ಎನ್.ಎಲ್. ಕಡೆಗೆ ತಿರುಗಿದ್ದು ಈ ಹಕ್ಕಿನ ಬಲದಿಂದಲೇ. ಆದರೆ ಇದು ಅರ್ಧ ಸ್ವಾತಂತ್ರ್ಯ. ಸಂಖ್ಯೆ ಬಿಡುಗಡೆಯಾದರೂ ಯಂತ್ರ ಬಿಡುಗಡೆಯಾಗದಿದ್ದರೆ, ಹಕ್ಕಿಗೆ ರೆಕ್ಕೆ ಬಿಚ್ಚಿ ಕಾಲಿಗೆ ದಾರ ಕಟ್ಟಿದಂತೆ.

ಇಷ್ಟಾದರೂ, ಬೀಗವಿಲ್ಲದ ಫೋನು ಕೈಗೆ ಬಂದಮಾತ್ರಕ್ಕೆ ಎಲ್ಲವೂ ಮುಗಿಯಿತೆಂದು ಭ್ರಮಿಸಲಾಗದು. ನನ್ನ ವಿದ್ಯಾರ್ಥಿನಿಲಯದ ಗೆಳೆಯನೊಬ್ಬನಿಗೆ ಪರದೇಶದಲ್ಲಿರುವ ಬಂಧುವೊಬ್ಬರು ತಾವು ಬಳಸಿದ ಬೆಲೆಬಾಳುವ ಫೋನನ್ನು ತಂದುಕೊಟ್ಟರು. ಇಲ್ಲಿಯ ಸಿಮ್ ಹಾಕಿದೊಡನೆ ಅದು ಒಲ್ಲೆನೆಂದಿತು. ಕೆಲವು ತಿಂಗಳು ಅವನು ಹಳೆಯ ಗುಂಡಿ ಫೋನಿನಲ್ಲಿ ಮಾತನಾಡುತ್ತ, ಹೊಸದನ್ನು ಬರಿಯ ಛಾಯಾಚಿತ್ರದ ಪೆಟ್ಟಿಗೆಯಾಗಿ ಹೊತ್ತು ತಿರುಗಿದ. ಕೊನೆಗೆ ಆ ಬಂಧುಗಳು ಅಲ್ಲಿಯ ಕಂಪೆನಿಗೆ ಬಾಕಿಯಿಲ್ಲವೆಂದು ತಿಳಿಸಿ ಬೀಗ ತೆಗೆಸಿದರು. ಆಗ ದುರ್ಗದ ಪೇಟೆಯಲ್ಲಿ ಸಂಕೇತ ಬಂತು. ಹೊಸದುರ್ಗದ ಕಡೆಯ ಅವನ ಹಳ್ಳಿಯಲ್ಲಿ ಮಾತ್ರ ಬರಲೊಲ್ಲದು! ಅದೇ ಮನೆಯಲ್ಲಿ ಅವನ ತಂಗಿಯ ಅಗ್ಗದ ಫೋನು ಅದೇ ಕಂಪೆನಿಯ ಸಿಮ್ಮಿನಲ್ಲಿ ಚೆನ್ನಾಗಿಯೇ ಮಾತನಾಡುತ್ತಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲವೆಂಬ ಗಾದೆ ಹೀಗೆ ನಿಜವಾಯಿತು.

ಇದರ ಕಾರಣ ತಿಳಿಯಲು ನಮ್ಮ ರೈಲುದಾರಿಯನ್ನು ನೆನೆದರೆ ಸಾಕು. ಬೀರೂರಿನಿಂದ ಹೊಸದುರ್ಗ ರೋಡ್, ಚಿಕ್ಕಜಾಜೂರುಗಳ ಮೇಲೆ ದಾವಣಗೆರೆಗೆ ಹೋಗುವ ಮಾರ್ಗ ಬಹುಕಾಲ ಮೀಟರ್ ಗೇಜ್ ಆಗಿತ್ತು. 1990ರ ದಶಕದಲ್ಲಿ ಬ್ರಾಡ್ ಗೇಜ್ ಆಯಿತು. ಟಿಕೆಟ್ ಇದ್ದರೂ, ನಿಲ್ದಾಣದ ಬಾಗಿಲು ತೆರೆದಿದ್ದರೂ, ಒಂದು ಅಳತೆಯ ಗಾಡಿ ಇನ್ನೊಂದು ಅಳತೆಯ ಹಳಿಯ ಮೇಲೆ ಓಡಲಾರದು. ಮೊಬೈಲ್ ಜಾಲಕ್ಕೂ ಹೀಗೆಯೇ ಹಳಿಗಳುಂಟು. ಅವಕ್ಕೆ ತರಂಗಪಟ್ಟಿಗಳೆಂದು ಹೆಸರು. ಜಿಯೊ ತನ್ನ 4ಜಿ ಸೇವೆಗೆ 850, 1800, 2300 ಮೆಗಾಹರ್ಟ್ಸ್ ಪಟ್ಟಿಗಳನ್ನು ಬಳಸುತ್ತದೆ. ಬಿ.ಎಸ್.ಎನ್.ಎಲ್. ತನ್ನ 4ಜಿಗೆ ಮುಖ್ಯವಾಗಿ 700 ಮತ್ತು 2100ನ್ನು ನೆಚ್ಚಿದೆ. ಕಡಿಮೆ ಸಂಖ್ಯೆಯ ಪಟ್ಟಿ ದೂರಕ್ಕೆ ಹಬ್ಬುತ್ತದೆ, ಗೋಡೆಗಳನ್ನು ತೂರುತ್ತದೆ. ಗೋಪುರಗಳು ವಿರಳವಾದ ಹಳ್ಳಿಗಾಡಿಗೆ ಅದೇ ಜೀವಾಳ. ಬೇರೆ ದೇಶದ ಪಟ್ಟಿಗಳಿಗಾಗಿ ತಯಾರಾದ ಯಂತ್ರದಲ್ಲಿ ನಮ್ಮ ಒಂದೆರಡು ಪಟ್ಟಿಗಳಿಗೆ ಎಡೆಯಿಲ್ಲದಿದ್ದರೆ, ಬೀಗ ತೆರೆದಿದ್ದರೂ ಹಳ್ಳಿಯಲ್ಲಿ ಅದು ಮೂಕವೇ.

ಮತ್ತೂ ಒಂದು ತೊಡಕುಂಟು. 2016ರ ಸೆಪ್ಟೆಂಬರ್ 5ರಂದು ಸೇವೆ ತೆರೆದ ಜಿಯೊಗೆ ಹಳೆಯ 2ಜಿ ಜಾಲವೇ ಇಲ್ಲ. ಮಾತು ಕೂಡ 4ಜಿಯ ಮೂಲಕವೇ ಹೋಗಬೇಕು. ಇದಕ್ಕೆ ವೋಲ್ಟೆ ಎನ್ನುತ್ತಾರೆ. ವೋಲ್ಟೆ ಒಪ್ಪದ ಫೋನಿನಲ್ಲಿ ಅಂತರ್ಜಾಲ ಹರಿಯಬಹುದು, ನೇರ ಕರೆ ಮಾತ್ರ ಹೋಗದು. ಇಂಥ ಅಪ್ಪಣೆಗಳು ತಯಾರಕರ ಕೈಯಲ್ಲಿಯೂ ಇರುತ್ತವೆ. 2022ರ ಅಕ್ಟೋಬರ್ 1ರಂದು ನಮ್ಮಲ್ಲಿ 5ಜಿ ಉದ್ಘಾಟನೆಯಾದಾಗ ಯಾವ ಬೀಗವೂ ಇಲ್ಲದ, 5ಜಿಗೆ ಸಿದ್ಧವಾಗಿದ್ದ ಐಫೋನುಗಳು ಸುಮ್ಮನೆ ಕುಳಿತಿದ್ದವು. ಡಿಸೆಂಬರಿನಲ್ಲಿ ಆಪಲ್ ಹೊಸ ತಂತ್ರಾಂಶವನ್ನು ಕಳುಹಿಸಿದ ಮೇಲೆಯೇ ಅವು ಎಚ್ಚೆತ್ತವು. ಅಂದಮೇಲೆ ನಮಗೆ ಬೇಕಾದ ತೆರೆದ ಫೋನು ಬರಿಯ ಸಿಮ್ಮಿನ ಬೀಗ ಇಲ್ಲದ ಫೋನಲ್ಲ. ನಮ್ಮ ನೆಲದ ಎಲ್ಲ ಜಾಲಗಳ ಹಳಿಗಳ ಮೇಲೂ ಓಡಬಲ್ಲ ಫೋನು.

ಬೀಗ ತೆಗೆಸುವ ಆತುರದಲ್ಲಿ ಅಡ್ಡದಾರಿ ಹಿಡಿಯುವವರಿಗೆ ಒಂದು ಎಚ್ಚರಿಕೆಯ ಮಾತು. ಪ್ರತಿ ಫೋನಿಗೂ ಐ.ಎಂ.ಇ.ಐ. ಎಂಬ ಹದಿನೈದು ಅಂಕಿಗಳ ಗುರುತುಂಟು. *#06# ಒತ್ತಿದರೆ ಅದು ಕಾಣುತ್ತದೆ. ಬಾಕಿ ತೀರಿದ ಫೋನಿನ ಬೀಗವನ್ನು ಕಂಪೆನಿಯಿಂದ ತೆಗೆಸುವುದು ನ್ಯಾಯ; ಆದರೆ ಈ ಗುರುತನ್ನೇ ತಿದ್ದುವುದು ಅಪರಾಧ. 2023ರ ದೂರಸಂಪರ್ಕ ಕಾಯಿದೆಯಂತೆ ಅದಕ್ಕೆ ಮೂರು ವರ್ಷದವರೆಗೆ ಸೆರೆ, ಐವತ್ತು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಉಂಟು. ಹಳೆಯ ಫೋನು ಕೊಳ್ಳುವವರು ಸಂಚಾರ್ ಸಾಥಿ ತಾಣದಲ್ಲಿ ಈ ಗುರುತನ್ನು ಕೊಟ್ಟು, ಅದು ಕಳವಿನ ಮಾಲೋ ಅಲ್ಲವೋ ಎಂದು ಮೊದಲು ನೋಡತಕ್ಕದ್ದು. ಕಳವಾದುದೆಂದು ತಡೆಹಿಡಿದ ಫೋನನ್ನು ಯಾವ ಕೀಲಿಕೈಯೂ ಬದುಕಿಸಲಾರದು.

ಈಗ ಇನ್ನೊಂದು ಬಗೆಯ ಬೀಗ ನಮ್ಮ ಪೇಟೆಗಳಲ್ಲಿ ಹಬ್ಬುತ್ತಿದೆ. ಅದು ಕಂತಿನ ಬೀಗ. ಸಾಲದಲ್ಲಿ ಕೊಟ್ಟ ಫೋನಿನೊಳಗೆ ಒಂದು ತಂತ್ರಾಂಶವನ್ನು ಹಾಕಿಡುತ್ತಾರೆ. ಕಂತು ತಪ್ಪಿದರೆ ದೂರದಿಂದಲೇ ಪರದೆ ಮುಚ್ಚಿಬಿಡುತ್ತಾರೆ. ಸಾಲ ತೀರಿಸಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮಳೆ ಕೈಕೊಟ್ಟ ವರ್ಷ ರೈತನ ಮಗ ಕಂತು ತಪ್ಪಿಸಿದನೆಂದುಕೊಳ್ಳಿ. ಅವನ ವಿದ್ಯಾರ್ಥಿವೇತನದ ಗುಪ್ತ ಸಂಖ್ಯೆ ಬರುವುದೂ ಆ ಪರದೆಯ ಮೇಲೆಯೇ; ಕೂಲಿಗೆ ಕರೆ ಬರುವುದೂ ಅದರಲ್ಲಿಯೇ. ಹಣ ಬರುವ ಹಾದಿಯನ್ನೇ ಮುಚ್ಚಿ ಹಣ ಕೊಡು ಎಂದರೆ, ಬಾವಿಯ ಹಗ್ಗವನ್ನು ಕಸಿದುಕೊಂಡು ನೀರು ತಾ ಎಂದಂತಾಯಿತು. ಸಾಲಗಾರನ ಎತ್ತು, ನೇಗಿಲುಗಳನ್ನು ಜಪ್ತಿ ಮಾಡಬಾರದೆಂದು ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆ 1908ರಷ್ಟು ಹಿಂದೆಯೇ ರೈತನಿಗೆ ರಕ್ಷಣೆ ಕೊಟ್ಟಿತು. ಇಂದಿನ ವಿದ್ಯಾರ್ಥಿಯ ನೇಗಿಲು ಯಾವುದೆಂದು ಕಾಯಿದೆ ಮಾಡುವವರು ಯೋಚಿಸಬಾರದೇ?

ಹಾಗಾದರೆ ಆಗಬೇಕಾದುದೇನು? ಸರ್ಕಾರದಿಂದ ನಾನು ಬಯಸುವುದು ದೊಡ್ಡದೇನಲ್ಲ. ಔಷಧಿಯ ಸೀಸೆಯ ಮೇಲೆ ಅವಧಿಯನ್ನು ಮುದ್ರಿಸುವಂತೆ, ಫೋನಿನ ಪೆಟ್ಟಿಗೆಯ ಮೇಲೆ ಮೂರು ಸಂಗತಿಗಳನ್ನು ಕನ್ನಡದಲ್ಲಿ ಮುದ್ರಿಸಲಿ: ಇದರಲ್ಲಿ ಬೀಗವುಂಟೇ, ಉಂಟಾದರೆ ಎಂದು ತೆಗೆಯುವರು, ನಮ್ಮ ದೇಶದ ಯಾವ ಯಾವ ಜಾಲಗಳಲ್ಲಿ ಇದು ಪೂರ್ತಿಯಾಗಿ ನಡೆಯುವುದು, ಸಾಲದ ತಂತ್ರಾಂಶ ಇದರೊಳಗೆ ಇದೆಯೇ. ಪೂರ್ತಿ ಬೆಲೆ ತೆತ್ತ ಫೋನಿಗೆ ಬೀಗವೇ ಕೂಡದೆಂಬ ನಿಯಮವೂ ಬರಲಿ.

ನಾವು ವಿದ್ಯಾರ್ಥಿಗಳೂ ಕೈಕಟ್ಟಿ ಕೂರಬೇಕಾಗಿಲ್ಲ. ಕೊಳ್ಳುವ ಮುಂಚೆ ಅಂಗಡಿಯಲ್ಲಿಯೇ ಎರಡು ಬೇರೆ ಕಂಪೆನಿಗಳ ಸಿಮ್ ಹಾಕಿ, ಕರೆ ಮಾಡಿ ನೋಡೋಣ. ನಮ್ಮ ಹಳ್ಳಿಯಲ್ಲಿ ಯಾವ ಕಂಪೆನಿಯ ಸಂಕೇತ ಗಟ್ಟಿಯೆಂದು ತಿಳಿದು, ಅದರ ಪಟ್ಟಿ ಈ ಫೋನಿನಲ್ಲಿ ಉಂಟೇ ಎಂದು ಕೇಳೋಣ. ನಮ್ಮ ನಾಲ್ಕು ತಾಲ್ಲೂಕುಗಳ ವಿದ್ಯಾರ್ಥಿಗಳು ಸೇರಿ, ಯಾವ ಊರಿನಲ್ಲಿ ಯಾವ ಜಾಲ ಸಿಕ್ಕುವುದೆಂಬ ಒಂದು ಪಟ್ಟಿಯನ್ನು ಬರೆದು ಕಾಲೇಜಿನ ಫಲಕಕ್ಕೆ ಅಂಟಿಸಿದರೆ ಹೊಸದಾಗಿ ಸೇರುವವರಿಗೆ ಎಷ್ಟು ಉಪಕಾರ! ಗುರುಗಳು ದಾರಿ ತೋರಿದರೆ ಒಂದೆರಡು ವಾರಗಳ ಕೆಲಸ.

ಅಗ್ಗದ ಫೋನು ಬೇಡವೆಂದು ನಾನು ಹೇಳಲಿಲ್ಲ. ನಮ್ಮಂಥವರಿಗೆ ಅಗ್ಗವೇ ಗತಿ. ಆದರೆ ಅಗ್ಗಕ್ಕೆ ತೆತ್ತ ಬೆಲೆ ಹಣದಲ್ಲಿಯೇ ಮುಗಿಯಬೇಕು, ಸ್ವಾತಂತ್ರ್ಯದಲ್ಲಿ ಮುಂದುವರಿಯಬಾರದು. ಕಂಪೆನಿ ಒಳ್ಳೆಯ ಸೇವೆ ಕೊಟ್ಟರೆ ನಾವು ಅಲ್ಲಿಯೇ ಇರುತ್ತೇವೆ; ಬೀಗ ಹಾಕಿ ಇರಿಸಿಕೊಳ್ಳಬೇಕಾದ ಅಗತ್ಯ ಒಳ್ಳೆಯವನಿಗೆ ಇಲ್ಲ.